ಮರುದಿನದ ಸಭೆಗೆ ಒಂದು ಸಾಲು

ಕಮಾನು ಸಭಾಭವನ, ಕರೆಗುಡ್ಡ
ಫೆಬ್ರವರಿ 30, 2231

ಕರೆಗುಡ್ಡ ವಿಶ್ವವಿದ್ಯಾಲಯದ ಕುಲಸಚಿವರ ಕಚೇರಿಯಲ್ಲಿ ದ್ವಿತೀಯ ದರ್ಜೆ ಸಹಾಯಕರಾಗಿರುವ ಶ್ರೀ ದುಂಡಪ್ಪ ಕರೆಣ್ಣವರ ಅವರಿಗೆ, ಅದೇ ವಿಶ್ವವಿದ್ಯಾಲಯದ ಕಮಾನು ಸಭಾಭವನದ ಪಾಲಕಿ ತಂಗೆವ್ವ ಕರೆಣ್ಣವರ ಮಾಡುವ ಶರಣು.

ಮೇಲಿನ ತಾರೀಖು ನೋಡಿ ಯಾರೋ ಚೇಷ್ಟೆ ಮಾಡಿದ್ದಾರೆಂದು ಕಾಗದವನ್ನು ಮುದುಡಿ ಎಸೆಯಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ. ಅದು ಹೇಗಾಯಿತೆಂದು ಬಿಡಿಸಿ ಹೇಳುತ್ತ ಕೂತರೆ ನನಗೆ ಕೊಟ್ಟಿರುವ ಹಾಳೆ ಅದಕ್ಕೇ ತೀರಿಹೋಗುತ್ತದೆ. ಹಿಂದಿನ ಕಾಲಕ್ಕೆ ಹೋಗುವ ಅಂಚೆಗೆ ನಾವು ಹಿನ್ನಂಚೆ ಎನ್ನುತ್ತೇವೆ. ಒಂದು ಕಚೇರಿಗೆ ಹತ್ತು ವರ್ಷಕ್ಕೆ ಒಂದೇ ಕಾಗದ. ಮುಟ್ಟಿತೋ ಇಲ್ಲವೋ ಯಾರಿಗೂ ಗೊತ್ತಿಲ್ಲ, ಏಕೆಂದರೆ ಇದುವರೆಗೆ ಯಾರೂ ಉತ್ತರ ಬರೆದಿಲ್ಲ. ನನ್ನ ಮಾತು ನಿಮಗೆ ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ನಿಮ್ಮದೇ ಕಚೇರಿಯ ಕಡತಗಳಿಂದ ಕಲಿತವಳು, ನಡುನಡುವೆ ಟಿಪ್ಪಣಿ ಹಾಳೆಯ ವಾಸನೆ ಬಂದೀತು. ನೀವು ನನಗೆ ಏಳು ತಲೆಮಾರು ಹಿಂದಿನವರು. ಈ ಕಾಗದ ಮುಟ್ಟುವಾಗ ನಿಮಗೆ ಮೂವತ್ತನಾಲ್ಕು ವರ್ಷ, ಬರೆಯುತ್ತಿರುವ ನನಗೆ ಐವತ್ತೆರಡು. ಆದರೂ ನಿಮ್ಮನ್ನು ಮುತ್ಯಾ ಎಂದೇ ಕರೆಯುತ್ತೇನೆ, ಸಿಟ್ಟಾಗಬೇಡಿ.

ಮುತ್ಯಾ, ಅಂಚೆಯವರ ಮಾತು ನಿಜವಾದರೆ ನಿಮಗೆ ಇದು ಸೋಮವಾರ ಸಿಗುತ್ತದೆ. ಆಗ ನಿಮ್ಮ ಮೇಜಿನ ಮೇಲೆ ‘ಸಭಾಭವನದ ಬಳಕೆ ನಿಯಮಗಳು, 2026’ ಎಂಬ ಕರಡು ಇರುತ್ತದೆ. ಗುರುವಾರ ಸಮಿತಿ ಸೇರಿ ಅದಕ್ಕೆ ಒಪ್ಪಿಗೆ ಕೊಡುತ್ತದೆ. ಮೂರನೆಯ ಪುಟದಲ್ಲಿ ‘ಅನುಮತಿ ಇರುವ ಕಾರ್ಯಕ್ರಮಗಳು’ ಎಂಬ ಪಟ್ಟಿ ಇದೆ. ಅದರ ಒಂಬತ್ತನೆಯ ಸಾಲನ್ನು ನೀವು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದೀರಿ. ಆ ಗೆರೆಯನ್ನು ತೆಗೆಯಬೇಕೆಂದು ಕೇಳಲು ಈ ಕಾಗದ ಬರೆಯುತ್ತಿದ್ದೇನೆ.

ಬೈಯುವ ಮೊದಲು ಹೊಗಳಿಬಿಡುತ್ತೇನೆ. ನೀವು ಬರೆದ ಇಪ್ಪತ್ತೆರಡು ನಿಯಮಗಳಿಂದಲೇ ಈ ಕಟ್ಟಡ ಇನ್ನೂ ನಿಂತಿದೆ. ಗೋಡೆಗೆ ಮೊಳೆ ಹೊಡೆಯಬಾರದು ಎಂದಿರಿ, ಇವತ್ತಿಗೂ ಬ್ಯಾನರನ್ನು ಕಂಬಗಳ ನಡುವೆ ಹಗ್ಗ ಕಟ್ಟಿಯೇ ತೂಗಿಬಿಡುತ್ತೇವೆ. ಒಳಗೆ ಬೆಂಕಿ ಕೂಡದು ಎಂದಿರಿ, ಉದ್ಘಾಟನೆಗೆ ಬಂದವರು ಜಗಲಿಯ ಮೇಲೆ ನಿಂತು ದೀಪ ಹಚ್ಚಿ, ಗಾಳಿಗೆ ಆರಿದರೆ ಮತ್ತೆ ಹಚ್ಚಿ, ಆಮೇಲೆ ಒಳಗೆ ಬರುತ್ತಾರೆ. ಊಟ ಮೂಡಲ ಬದಿಯ ಬೇವಿನ ಮರದ ಕೆಳಗೆ ಮಾತ್ರ. ಕುರ್ಚಿಯನ್ನು ಎತ್ತಿ ಇಡಬೇಕು, ಎಳೆಯಬಾರದು ಎಂಬ ನಿಮ್ಮ ಹನ್ನೊಂದನೆಯ ನಿಯಮ ಇಲ್ಲಿ ಮಕ್ಕಳಿಗೂ ಬಾಯಿಪಾಠ. ನಮ್ಮ ಕಾಲದ್ದೆಂದು ಸೇರಿಸಿದ್ದು ಉಸಿರೆಣಿಕೆ ಒಂದೇ. ಅದು ಬಾಗಿಲ ಮೇಲಿನ ಹಿತ್ತಾಳೆಯ ಬಟ್ಟಲು. ಒಳಗೆ ಮುನ್ನೂರ ನಲವತ್ತು ಜನರ ಉಸಿರು ತುಂಬಿದರೆ ಸಣ್ಣಗೆ ಸಿಳ್ಳೆ ಹಾಕುತ್ತದೆ, ಮುನ್ನೂರ ನಲವತ್ತೊಂದನೆಯವರು ಎಷ್ಟೇ ದೊಡ್ಡವರಾದರೂ ಹೊರಗೇ ನಿಲ್ಲಬೇಕು. ಹೋದ ತಿಂಗಳು ಒಬ್ಬ ಮಂತ್ರಿ ನಿಂತಿದ್ದರು. ನನಗೆ ಒಳಗೊಳಗೇ ಖುಷಿಯಾಯಿತು.

ಈಗ ಆ ಒಂಬತ್ತನೆಯ ಸಾಲಿನ ವಿಷಯ. ಘಟಿಕೋತ್ಸವದ ಮರುದಿನ ಬೆಳಿಗ್ಗೆ ಸಭಾಭವನದಲ್ಲಿ ಏನು ನಡೆಯುತ್ತದೆಂದು ನಾನು ನಿಮಗೆ ಹೇಳಬೇಕಾಗಿಲ್ಲ. ಆದರೂ ಬರೆಯುತ್ತೇನೆ, ನಮ್ಮಲ್ಲೂ ಅದು ಹಾಗೆಯೇ ನಡೆದುಕೊಂಡು ಬಂತೆಂದು ನಿಮಗೆ ತಿಳಿಯಲಿ. ಹಿಂದಿನ ದಿನದ ಕುರ್ಚಿಗಳು ಹಾಕಿದ ಹಾಗೆಯೇ ಇರುತ್ತವೆ, ವೇದಿಕೆಯ ಚೆಂಡುಹೂ ಇನ್ನೂ ಬಾಡಿರುವುದಿಲ್ಲ. ಕಸ ಗುಡಿಸುವವರು, ಹಾಸ್ಟೆಲಿನ ಅಡುಗೆಯವರು, ಮಾಲಿಗಳು, ಗಂಟೆ ಹೊಡೆಯುವವರು, ಗುಮಾಸ್ತರು, ಎಲ್ಲರೂ ಒಗೆದ ಬಟ್ಟೆ ಉಟ್ಟು, ನಿನ್ನೆ ಮೆರವಣಿಗೆಗೆ ಮಾತ್ರ ತೆರೆದಿದ್ದ ನಡುಬಾಗಿಲಿನಿಂದ ಒಳಗೆ ಬಂದು ಮುಂದಿನ ಸಾಲುಗಳಲ್ಲಿ ಕೂರುತ್ತಾರೆ. ಕುಲಪತಿಗಳು ಬರಬಹುದು, ಹಿಂದಿನ ಸಾಲಿನಲ್ಲಿ ಕೂರಬಹುದು, ಮಾತಾಡುವಂತಿಲ್ಲ. ಆ ವರ್ಷ ನಿವೃತ್ತರಾದವರ ಹೆಸರು, ಊರು, ದುಡಿದ ವರ್ಷ ಕೂಗುತ್ತಾರೆ. ಕೂಗಿಸಿಕೊಂಡವರು ವೇದಿಕೆ ಹತ್ತಿ ತಾವು ದುಡಿದ ಸಾಮಾನನ್ನು ಕೆಂಪು ಮಕಮಲ್ಲಿನ ಮೇಜಿನ ಮೇಲೆ ಇಡುತ್ತಾರೆ. ಒಬ್ಬರು ಸೌಟು, ಒಬ್ಬರು ಕತ್ತರಿ, ಒಬ್ಬರು ಕೀಲಿ ಗೊಂಚಲು. ಭಾಷಣವಿಲ್ಲ, ಹಾರವಿಲ್ಲ. ಸಾಮಾನು ಮೇಜಿಗೆ ತಾಕಿದ ಸದ್ದು ಕೇಳಿದ ಮೇಲೆ ಚಪ್ಪಾಳೆ.

ಇಂಥ ಸಭೆಯನ್ನು ನಿಮ್ಮ ಮೇಲಧಿಕಾರಿಗಳು ಒಳ್ಳೆಯ ಮನಸ್ಸಿನಿಂದಲೇ ಪಟ್ಟಿಗೆ ಸೇರಿಸಿದ್ದರು. ಹೊಡೆದದ್ದು ನೀವು. ಪಟ್ಟಿಯಲ್ಲಿರುವ ಪ್ರತಿ ಕಾರ್ಯಕ್ರಮಕ್ಕೂ ಹದಿನೈದು ದಿನ ಮೊದಲು ಅರ್ಜಿ ಕೊಡಬೇಕೆಂದು ಎರಡನೆಯ ನಿಯಮ ಹೇಳುತ್ತದೆ. ಅದಕ್ಕೇ ಆ ಸಾಲಿಗೆ ಗೆರೆ ಎಳೆದು ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದೀರಿ: “ನಮ್ಮ ಮನೀ ಕೆಲಸಕ್ಕ ಅರ್ಜಿ ಯಾಕ?” ಕಡತದಲ್ಲಿ ಅದನ್ನು ಓದಿದಾಗ ನನಗೆ ನಗು ಬಂತು, ಹಿಂದೆಯೇ ಕಣ್ಣಲ್ಲಿ ನೀರೂ ಬಂತು. ನಿಮ್ಮ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ. ದಿನಾ ಬಾಗಿಲು ತೆಗೆದು ಕಸ ಹೊಡೆಯುವವರು ಒಳಗೆ ಕೂರಲು ಯಾರನ್ನು ಕೇಳಬೇಕು? ಸಮಿತಿಯವರು ಆ ಗೆರೆಯನ್ನು ಗಮನಿಸಲೇ ಇಲ್ಲ. ನಡಾವಳಿ ನೋಡಿದರೆ ಅವರು ಹತ್ತು ನಿಮಿಷದಲ್ಲಿ ಕರಡು ಒಪ್ಪಿ, ಉಳಿದ ಒಂದು ತಾಸು ಕಾರು ಎಲ್ಲಿ ನಿಲ್ಲಿಸಬೇಕೆಂದು ಜಗಳಾಡಿದ್ದಾರೆ.

ನಿಮ್ಮ ಗೆರೆಯಿಂದ ನೂರಾ ಎಪ್ಪತ್ತು ವರ್ಷ ಯಾರಿಗೂ ತೊಂದರೆಯಾಗಲಿಲ್ಲ. ಆಮೇಲೆ ಬೇರೊಂದು ಊರಿನಲ್ಲಿ ಜನ ತುಂಬಿದ್ದ ಹಳೆಯ ಕಟ್ಟಡವೊಂದು ಕುಸಿದು, ಮೂಲಬರಹ ಕಾಯ್ದೆ ಬಂತು. ಇನ್ನೂರು ವರ್ಷ ದಾಟಿದ ಕಟ್ಟಡವನ್ನು ಅದರ ಮೊದಲ ನಿಯಮಗಳಲ್ಲಿ ಹೆಸರಿಸಿದ ಕೆಲಸಕ್ಕೆ ಮಾತ್ರ ಬಳಸಬೇಕು, ಪಟ್ಟಿಗೆ ಹೊಸದಾಗಿ ಏನೂ ಸೇರಿಸುವಂತಿಲ್ಲ. ಪಟ್ಟಿಯಲ್ಲಿಲ್ಲದ ಕಾರ್ಯಕ್ರಮಕ್ಕೆ ಬಾಗಿಲು ತೆರೆದ ಪಾಲಕರು ಅವತ್ತೇ ಕೆಲಸ ಬಿಡಬೇಕು. ಎಷ್ಟೋ ವರ್ಷ ನಮ್ಮ ಪಟ್ಟಿಯನ್ನು ಯಾರೂ ತೆಗೆದು ನೋಡಿರಲಿಲ್ಲ. ಹೋದ ವರ್ಷ ಆ ಕಾಯ್ದೆಯ ಪಾಲನೆ ನೋಡುವ ಮಲ್ಲೇಶಿ ಎಂಬ ಹೊಸ ಪರೀಕ್ಷಕರು ಬಂದರು, ನೋಡಿದರು. ಕೆಟ್ಟವರಲ್ಲ. “ತಂಗೆವ್ವಾರ, ನನಗೂ ಮನಸಿಲ್ರೀ. ಬರದದ್ದು ಒಂದ್ ಸಾಲ ತೋರಸ್ರಿ, ನಿಂತ ಕಾಲಮ್ಯಾಲ ಬಾಗಲಾ ತಗಸ್ತೇನಿ” ಎಂದರು. ತೋರಿಸಲು ನನ್ನ ಬಳಿ ನಿಮ್ಮ ಕೆಂಪು ಗೆರೆ ಮಾತ್ರ ಇತ್ತು.

ಹೋದ ವರ್ಷ ಸಭೆ ಬೇವಿನ ಮರದ ಕೆಳಗೆ ನಡೆಯಿತು. ನಮ್ಮ ಬಿಸಿಲು ನಿಮ್ಮ ಬಿಸಿಲಲ್ಲ ಮುತ್ಯಾ. ಒಂಬತ್ತೂವರೆಗೆ ನೆರಳುಗಂಟೆ ಹೊಡೆದರೆ ಹೊರಗಿರುವ ಪ್ರತಿಯೊಬ್ಬರೂ ಸೂರಿನ ಕೆಳಗೆ ಸೇರಬೇಕು, ಸಂಜೆ ಐದರವರೆಗೆ ಬೀದಿ ಬಿಕೋ ಎನ್ನುತ್ತದೆ. ಅರ್ಧ ಹೆಸರು ಕೂಗುವಷ್ಟರಲ್ಲಿ ಗಂಟೆ ಹೊಡೆಯಿತು. ಉಳಿದವರಲ್ಲಿ ಸಾವಂತ್ರೆವ್ವ ಬೆಟಗೇರಿ ಒಬ್ಬಳು. ನಲವತ್ತೊಂದು ವರ್ಷ ಈ ಭವನದ ಧೂಳು ಹೊಡೆದವಳು, ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೆ ಒಂದೊಂದು ಕಿಟಕಿಯ ಚಿಲಕವನ್ನೂ ಪರಿಚಯ ಮಾಡಿಕೊಟ್ಟವಳು. ದುಡಿಮೆ ಮುಗಿದ ದಿನ ಉಡುವ ಇಳಿಸಂಜೆಯ ಸೀರೆ ಎಂದು ತೆಗೆದಿಟ್ಟಿದ್ದ ನೀಲಿ ಸೀರೆ ಉಟ್ಟು, ಹೊಸ ದಾರ ಸುತ್ತಿದ ಪೊರಕೆ ಹಿಡಿದು ಬಂದಿದ್ದಳು. ನಾನು ತಲೆ ತಗ್ಗಿಸಿ ನಿಂತೆ. ಅವಳೇ ಸಮಾಧಾನ ಹೇಳಿದಳು: “ಇರ್ಲಿ ಬಿಡವಾ, ಬರೂ ವರ್ಷ ಒಳಗ ಕರೀವಂತಿ. ಇಷ್ಟ ವರ್ಷ ಕಸಾ ಹೊಡದೀನಿ, ಒಂದ್ ವರ್ಷ ಕಾಯೂದೇನು ದೊಡ್ಡದು?” ಈಗ ಅವಳಿಗೆ ಎದ್ದು ನಡೆಯಲು ಇಬ್ಬರು ಬೇಕು. ಇನ್ನೊಂದು ವರ್ಷ ಕಾಯುತ್ತಾಳೆಂದು ವೈದ್ಯರೂ ಹೇಳುವುದಿಲ್ಲ, ಅವಳೂ ಹೇಳುವುದಿಲ್ಲ.

ಆದ್ದರಿಂದ ಕೇಳುತ್ತೇನೆ. ಗುರುವಾರಕ್ಕೆ ಮುಂಚೆ ಕರಡನ್ನು ಮತ್ತೆ ಟೈಪು ಮಾಡಿಸಿ. ಒಂಬತ್ತನೆಯ ಸಾಲು ಹೀಗಿರಲಿ: ‘ಘಟಿಕೋತ್ಸವದ ಮರುದಿನ, ವಿಶ್ವವಿದ್ಯಾಲಯದಲ್ಲಿ ದುಡಿಯುವವರ ಸಭೆ. ಇದಕ್ಕೆ ಅರ್ಜಿ ಬೇಕಿಲ್ಲ.’ ನಿಮ್ಮ ಮಾನವೂ ಉಳಿಯುತ್ತದೆ, ನಮ್ಮ ಬಾಗಿಲೂ ಉಳಿಯುತ್ತದೆ. ನೀವು ಬರೆದರೆ ಇಲ್ಲಿ ಎಲ್ಲವೂ ಮೊದಲಿನಿಂದಲೇ ಸರಿಯಾಗಿಬಿಡುತ್ತದಂತೆ, ಈ ಕಾಗದ ಬರೆದದ್ದು ನನಗೇ ನೆನಪಿರುವುದಿಲ್ಲವಂತೆ. ಹಾಗಾಗಿ ನಿಮಗೆ ಆಮೇಲೆ ಥ್ಯಾಂಕ್ಸ್ ಹೇಳುವವರು ಯಾರೂ ಇರುವುದಿಲ್ಲ. ಈಗಲೇ ಹೇಳಿಬಿಡುತ್ತೇನೆ.

ಕಾಗದ ದಾರಿಯಲ್ಲೇ ಕಳೆದುಹೋದರೆ, ಅಥವಾ ನೀವು ನಂಬದೇ ಹೋದರೆ, ಅದಕ್ಕೂ ನಾನು ತಯಾರಾಗಿದ್ದೇನೆ. ಈ ಸಲದ ಘಟಿಕೋತ್ಸವದ ಮರುದಿನ, ಮಾರ್ಚ್ ಹದಿಮೂರರ ಬೆಳಿಗ್ಗೆ ಏಳು ಗಂಟೆಗೆ ನಡುಬಾಗಿಲು ತೆರೆಯುತ್ತೇನೆ. ಮಲ್ಲೇಶಿಯವರಿಗೆ ನಿನ್ನೆಯೇ ಮುಖಕ್ಕೆ ಮುಖ ಕೊಟ್ಟು ಹೇಳಿ ಬಂದಿದ್ದೇನೆ, ಕದ್ದು ಮಾಡುವ ಕೆಲಸ ನಮ್ಮ ಮನೆತನದಲ್ಲಿಲ್ಲ. ಅವತ್ತು ಒಂದು ಮೊಳೆ ಹೊಡೆಯುವುದಿಲ್ಲ, ಒಂದು ಕಡ್ಡಿ ಗೀರುವುದಿಲ್ಲ, ಒಂದು ಕುರ್ಚಿಯನ್ನೂ ಎಳೆಯಲು ಬಿಡುವುದಿಲ್ಲ. ನೀವು ಬರೆದ ಇಪ್ಪತ್ತೆರಡು ನಿಯಮವನ್ನೂ ಪಾಲಿಸಿ, ನೀವು ಬರೆಯದೆ ಬಿಟ್ಟದ್ದನ್ನು ಮಾತ್ರ ಮುರಿಯುತ್ತೇನೆ.

ಹೆಸರು ಕೂಗುವವಳು ನಾನೇ. ಮೊದಲು ಸಾವಂತ್ರೆವ್ವ ಬೆಟಗೇರಿ, ನಲವತ್ತೊಂದು ವರ್ಷ. ಅವಳ ಪೊರಕೆ ಮೇಜಿಗೆ ತಾಕಿದ ಸದ್ದು ಕೇಳಿದ ಮೇಲೆ ಎರಡನೆಯ ಹೆಸರು ಕೂಗುತ್ತೇನೆ: ತಂಗೆವ್ವ ಕರೆಣ್ಣವರ, ಇಪ್ಪತ್ತೇಳು ವರ್ಷ. ಕೀಲಿ ಗೊಂಚಲನ್ನು ಪೊರಕೆಯ ಪಕ್ಕದಲ್ಲಿ ಇಡುತ್ತೇನೆ.