ಎಡಗಣ್ಣಿನ ಬಣ್ಣ

ಪ್ರೀತಿಯ ಅಪ್ಪನಿಗೆ,

ಕರ್ತನ ಹೆಸರಿನಲ್ಲಿ ನಿಮ್ಮ ಮಗಳ ವಂದನೆಗಳು.

ಚರ್ಚಿನ ಗೋಡೆಗೆ ಚಿತ್ರ ಬರೆಯುವುದನ್ನು ಬಿಟ್ಟು ನಾನು ಈ ಕೃತಕ ಕಣ್ಣುಗಳ ಕೆಲಸಕ್ಕೆ ಸೇರಿದ ದಿನ, "ದೇವರು ಕೊಟ್ಟ ಕೈನ ಹಾಳು ಮಾಡ್ಕೊಂಡೆ" ಅಂದಿರಿ. ಎರಡು ವರ್ಷ ನನಗೂ ಒಳಗೊಳಗೇ ಹಾಗೇ ಅನ್ನಿಸುತ್ತಿತ್ತು. ಆದರೆ ನಿನ್ನೆ ನಡೆದದ್ದನ್ನು ನಿಮಗೆ ಹೇಳದೆ ಇರಲಾರೆ.

ವೆಲ್ಡಿಂಗ್ ಮಾಡುವಾಗ ಎಡಗಣ್ಣು ಕಳೆದುಕೊಂಡ ಒಬ್ಬರಿಗೆ ಕಣ್ಣು ಮಾಡುತ್ತಿದ್ದೆ. ಅವರ ಬಲಗಣ್ಣಿನ ಕಂದು ಬಣ್ಣದೊಳಗೆ ಜೇನಿನಂಥ ಒಂದು ಮಿನುಗು ಇದೆ. ಅದು ನನ್ನ ಕುಂಚಕ್ಕೆ ಸಿಗಲೇ ಇಲ್ಲ. ಮಾಡಿದ ಎರಡು ಕೃತಕ ಕಣ್ಣು ಕೆಡಿಸಿದೆ. ಮೂರನೆಯದಕ್ಕೆ ಕೂರುವ ಮೊದಲು, "ಕರ್ತನೇ, ಇದನ್ನ ಮೊದಲು ಮಾಡಿದವನು ನೀನು, ನೀನೇ ತೋರಿಸ್ಕೊಡು" ಎಂದು ಬೇಡಿಕೊಂಡೆ. ಬಣ್ಣದ ಮೇಲೆ ಬಣ್ಣ ಹಚ್ಚಿ, ಕಣ್ಣಿನ ಬಿಳಿಭಾಗದ ಮೇಲೆ ಕೆಂಪು ರೇಷ್ಮೆ ಎಳೆಗಳಿಂದ ನರಗಳನ್ನು ಕೂರಿಸಿದೆ.

ನಿನ್ನೆ ಅವರು ಅದನ್ನು ಹಾಕಿಸಿಕೊಂಡು ಹೆಂಡತಿಯ ಕಡೆ ತಿರುಗಿದರು. ಆಕೆ ಸೆರಗಿನಿಂದ ಮುಖ ಒರೆಸಿಕೊಂಡು, "ರೀ, ಹಂಗೆ ದುರುಗುಟ್ಕೊಂಡು ನೋಡ್ಬೇಡಿ, ನಾಚಿಕೆ ಆಗುತ್ತೆ" ಅಂದರು.

ಇಬ್ಬರೂ ಹೊರಟರು. ಕಣ್ಣು ಹೋದಂದಿನಿಂದ ಒಂದು ವರ್ಷ ಅವರು ಹಾಕುತ್ತಿದ್ದ ಕಪ್ಪು ಕನ್ನಡಕ ನನ್ನ ಮೇಜಿನ ಮೇಲೇ ಉಳಿದಿತ್ತು. ಮೆಟ್ಟಿಲಿಳಿದು ಓಡಿದೆ. "ಕನ್ನಡಕ ಮರೆತ್ರಿ!"

"ಮರೆತಿಲ್ಲಮ್ಮ, ಬಿಟ್ಟೆ" ಎಂದು ಅವರು ಬೀದಿಯ ಬಿಸಿಲಿಗೆ ತಲೆಯೆತ್ತಿ ನಡೆದರು.

ಅಪ್ಪ, ಭಾನುವಾರ ಚರ್ಚಿನಲ್ಲಿ ದೇವರು ಮಾಡಿದ್ದಕ್ಕೆ ಸಾಕ್ಷಿ ಹೇಳುವ ಹೊತ್ತಿನಲ್ಲಿ ದಯವಿಟ್ಟು ನನ್ನ ಪರವಾಗಿ ಎದ್ದು ನಿಲ್ಲಿ. "ನನ್ನ ಮಗಳು ಕಣ್ಣು ಬರೀತಾಳೆ" ಎಂದು ಹೇಳಿ. ಕೊನೆಯ ಬೆಂಚಿನವರಿಗೂ ಕೇಳಿಸಲಿ.

ನಿಮ್ಮ ಮಗಳು,
ಪುಟ್ಟಿ