ಎರ್ರಪ್ಪ ಓದುವ ಪರದೆ

ಮೇ 6, ಮಂಗಳವಾರ, ಬೆಳಿಗ್ಗೆ 11

ಇವತ್ತೂ ಅದೇ ಗೋಳು. ಶಿಡ್ಲಘಟ್ಟದ ಈ ಖಾಸಗಿ ರೇಷ್ಮೆಗೂಡಿನ ಮಂಡಿಯಲ್ಲಿ ಹರಾಜಿನ ಪರದೆ ಸಾಲು ಸಾಲಾಗಿ ತೆವಳುತ್ತೆ. ಲಾಟ್ ನಂಬರ್, ರೇಟು... ಬರೀ ಅಕ್ಷರ, ಒಂದು ಚಿತ್ರವೂ ಇಲ್ಲ. ಪುಟಕ್ಕೆ ಒಂದು ನಿಮಿಷ! ಎರ್ರಪ್ಪ ಮೈಕ್ ಹಿಡಿದು ಒಂದೊಂದೇ ಸಾಲು ಓದಿ ಕೂಗ್ತಾನೆ. ಎಲ್ಲರ ಎದುರಿಗೇ ಇರುವುದನ್ನು ಓದೋಕೆ ಒಂದು ಸಂಬಳ. ಭೇಷ್.

"ಹರಿಕೃಷ್ಣ ಸಾರ್, ನಿಧಾನಕ್ಕೆ ಬಂದ್ರೆ ಒಳ್ಳೇದೇ ಬಿಡಿ" ಅಂದ. ಕಂಪ್ಯೂಟರ್ ನೋಡಿಕೊಳ್ಳೋನು ನಾನೋ, ಇವನೋ?

ಮೇ 9, ಶುಕ್ರವಾರ

ಪರದೆಗೆ ಅಕ್ಷರ ಕಳಿಸುವ ಡಿಸ್ಪ್ಲೇ ಡ್ರೈವರ್ ಕೋಡ್ ಬಿಚ್ಚಿ ನೋಡಿದೆ. ಬರೆದವನ ಕೈ ಸೇದಿಹೋಗ. ಪರದೆ ಒಂದು ಸಾಲು ಮೇಲೆ ಜರುಗಲು ವಿಡಿಯೋ ಮೆಮೊರಿಯಿಂದ ಪೂರ್ತಿ ಓದಿ, ಪೂರ್ತಿ ವಾಪಸ್ ಬರೀತಾನೆ. ಅಲ್ಲಿಂದ ಓದುವುದೇ ಮಹಾ ನಿಧಾನ. ಅದು ಮುಗಿಯೋವರೆಗೂ ಹರಾಜಿನ ಪ್ರೋಗ್ರಾಮು ಬಾಯಿ ಬಿಟ್ಟುಕೊಂಡು ಕಾಯುತ್ತೆ. ಪರದೆಯ ಒಂದು ನಕಲು ಮುಖ್ಯ ಮೆಮೊರಿಯಲ್ಲಿಟ್ಟು, ಬದಲಾದ ಅಕ್ಷರ ಮಾತ್ರ ಬರೆದರೆ ಮುಗೀತು. ಇಷ್ಟೂ ತೋಚಲಿಲ್ಲ ಮಹಾನುಭಾವನಿಗೆ.

ಮೇ 15, ಗುರುವಾರ

ಆಯ್ತು. ಒಂದು ನಿಮಿಷ ಹೋಗಿ ಐದು ಸೆಕೆಂಡ್. ಎರ್ರಪ್ಪ ಬಾಯಿ ತೆರೆಯುವಷ್ಟರಲ್ಲಿ ಪುಟ ಹೋಗಿರುತ್ತೆ. ಬೆವರು ಒರೆಸಿಕೊಂಡು ಸಿಕ್ಕಿದಷ್ಟು ಲಾಟ್ ಕೂಗಿದ, ಮಿಕ್ಕಿದ್ದು ಬಿಟ್ಟ. ನಗು ತಡೆಯಲಾಗಲಿಲ್ಲ. ಕಣ್ಣಿದ್ದವರು ನೋಡಿಕೊಳ್ಳಲಿ. ಓನರ್ ರಾಮಾಂಜಿನಪ್ಪನವರು ಬೆನ್ನು ತಟ್ಟಿದರು.

ಮೇ 17, ಶನಿವಾರ, ಮಧ್ಯಾಹ್ನ

ಸಾದಲಿಯಿಂದ ಗಂಗುಲಮ್ಮ ದೊಡ್ಡಮ್ಮ ಗೂಡು ತಂದಿದ್ದಳು. ಲಾಟ್ 214. ರೇಟು ಬಂದ ಹತ್ತು ನಿಮಿಷದೊಳಗೆ ಗೂಡು ತಂದವರು ಕೌಂಟರಿಗೆ ಬಂದು 'ಕೊಡ್ತೀನಿ' ಅನ್ನಬೇಕು, ಇಲ್ಲದಿದ್ದರೆ ಹರಾಜು ರದ್ದು. ಗೂಡಿನ ಪಕ್ಕ ಕೂತೇ ಇದ್ದಳು. ರದ್ದಾಯ್ತು.

"ಪರದೆ ಮೇಲೆ ಬಂದಿತ್ತಲ್ಲ ದೊಡ್ಡಮ್ಮ, ನೋಡಬಾರ್ದಾ?" ಅಂತ ರೇಗಿದೆ.

"ನಂಗೆ ಓದಕ್ಕೆ ಎಲ್ಲಿ ಬರ್ತದಪ್ಪ? ಎರ್ರಪ್ಪ ಕೂಗ್ತಾನೆ, ನಾನು ಹೋಗ್ತೀನಿ. ಇಷ್ಟು ವರ್ಷ ಹಂಗೇ. ಇವತ್ತು ಕೂಗ್ಲೇ ಇಲ್ವಲ್ಲೋ."

ಇವತ್ತಿನ ಹರಾಜು ಮುಗೀತು, ನಾಳೆ ಮಂಡಿ ರಜ. ಗೂಡಿಗೆ ಆಗಲೇ ದಿನ ಮೀರಿದೆ. ಒಳಗಿನ ಹುಳು ಚಿಟ್ಟೆಯಾಗಿ ತೂತು ಮಾಡಿಕೊಂಡು ಹೊರಬಂದರೆ ನೂಲು ತುಂಡು ತುಂಡು. ನೂಲು ಬಿಚ್ಚುವ ಯಾವ ರೀಲರೂ ಮುಟ್ಟಲ್ಲ. ಒಂದು ತಿಂಗಳು ಹುಳುಗಳಿಗೆ ಸೊಪ್ಪು ಕೊಯ್ದು ಹಾಕಿದ ಕೆಲಸ ಅವಳದು.

ಊಟ ಸೇರಲಿಲ್ಲ.

ಮೇ 19, ಸೋಮವಾರ

ದೊಡ್ಡಮ್ಮನ ಗೂಡು ಅರ್ಧಕ್ಕರ್ಧ ತೂತು. ಗೂಡು ಹರಡಿದ್ದ ಜಾಲರಿ ಮೇಲೆಲ್ಲ ಚಿಟ್ಟೆ.

ದೊಡ್ಡಮ್ಮ ನೇರ ಎರ್ರಪ್ಪನ ಮುಂದೆ ಹೋಗಿ ನಿಂತಳು. "ನಿನ್ನ ಬಾಯಿಗೇನು ಬಂದಿತ್ತೋ ಶನಿವಾರ? ನಿನ್ನೇ ನಂಬ್ಕೊಂಡಿದ್ನಲ್ಲೋ!"

ಎರ್ರಪ್ಪ ನನ್ನ ಕಡೆ ನೋಡಲೂ ಇಲ್ಲ. "ತಪ್ಪಾಯ್ತಮ್ಮ. ಕಣ್ಣು ಮಂಜಾಗೈತೆ" ಅಂದ.

ಎರಡು ಮಾರು ದೂರದಲ್ಲಿ ನಿಂತಿದ್ದೆ. ಬಾಯಿ ಬಿಡಲಿಲ್ಲ. ಥೂ, ನಾನೂ ಒಬ್ಬ ಮನುಷ್ಯ.

ಸಂಜೆ 5

ಡ್ರೈವರ್ ಹಾಗೇ ಇದೆ. ಹರಾಜಿನ ಪ್ರೋಗ್ರಾಮು ಮಾತ್ರ ಬದಲಾಯಿಸಿದೆ. ಎರ್ರಪ್ಪ ಒಂದು ಸಾಲು ಕೂಗಿ ಕೀ ಒತ್ತಿದ ಮೇಲೇ ಮುಂದಿನ ಸಾಲು. ಈಗ ಮತ್ತೆ ಪುಟಕ್ಕೆ ಒಂದು ನಿಮಿಷ. ರಾಮಾಂಜಿನಪ್ಪನವರು ಬೈತಾರೆ, ಬೈಯಲಿ.

ಬದಲಾವಣೆಗೆ ಕಾರಣ ಬರೆದು ಅವರ ಟೇಬಲ್ ಮೇಲಿಡಬೇಕು. ದೊಡ್ಡಮ್ಮನಿಗೂ ಓದಿ ಹೇಳಬೇಕು. ಮೂರು ಸಲ ಹರಿದು ಹಾಕಿದೆ. ನಾಲ್ಕನೆಯದು—

'ಎರ್ರಪ್ಪನ ಕಣ್ಣು ಸರಿಯಾಗೇ ಇದೆ. ಶನಿವಾರ ಲಾಟ್ 214 ತಪ್ಪಿಹೋಗಿದ್ದು ನಾನು ಪರದೆ ಓಡಿಸಿದ್ದರಿಂದ.'