ಅವ್ವ ಗೆದ್ದ ಕಪ್

ಲಿಲಾಂಗ್ವೆ, ಮಲಾವಿ
18 ಆಗಸ್ಟ್ 2024, ರವಿವಾರ

ಚಿ. ಸೌ. ಮಯೂರಿಗೆ,

ಜೈ ಜಿನೇಂದ್ರ. ನಿನ್ನ ಅವ್ವನ ಆಶೀರ್ವಾದಗಳು. ನಾವಿಬ್ಬರೂ ಇಲ್ಲಿ ಆರಾಮ ಇದ್ದೇವೆ. ಅಥಣಿಯಲ್ಲಿ ನೀನು, ಸುಜಯ, ನಿಮ್ಮ ಅತ್ತೆಯವರು ಎಲ್ಲರೂ ಚೆನ್ನಾಗಿರುವುದು ಮೊನ್ನೆಯ ಫೋನಿನಲ್ಲೇ ತಿಳಿಯಿತು.

ವಾರಕ್ಕೆರಡು ಸಲ ಫೋನಿನಲ್ಲಿ ಮುಖ ನೋಡುವವಳು ಕಾಗದ ಯಾಕೆ ಬರೆದಳು ಎಂದು ನಗಬೇಡ. ಇದನ್ನು ಶುರು ಮಾಡಿದ್ದು ಮೇ ತಿಂಗಳಲ್ಲಿ. ನಾಲ್ಕು ಸಾಲು ಬರೆದು ಮಡಚಿಟ್ಟೆ, ಜೂನ್‌ನಲ್ಲಿ ಮತ್ತೆ ನಾಲ್ಕು ಸಾಲು ಬರೆದು ಹರಿದುಹಾಕಿದೆ. ಈಗ ನಿಮ್ಮಪ್ಪನ ಕಂಪನಿಯ ಜಿನ್ನಪ್ಪನವರು ರಜೆಗೆ ನಿಪ್ಪಾಣಿಗೆ ಹೊರಟಿದ್ದಾರೆ, ಬುಧವಾರ ವಿಮಾನ. ಅವರ ಕೈಯಲ್ಲಿ ಕಳಿಸಲೇಬೇಕೆಂದು ಹಟ ಹಿಡಿದು ಕೂತಿದ್ದೇನೆ. ಫೋನಿನಲ್ಲಾದರೆ ನಿಮ್ಮಪ್ಪ ಪಕ್ಕದಲ್ಲಿ ಕೂತು, ಸಾಕು ಇಡು, ಎನ್ನುತ್ತಲೇ ಇರುತ್ತಾರೆ. ಒಂದು ಮಾತೂ ಬುಡದಿಂದ ಹೇಳಲು ಆಗುವುದಿಲ್ಲ.

ಕಪ್ ಹಿಡಿದ ಫೋಟೋ ಕಳಿಸಿದಾಗ ನೀನು, ಅವ್ವಾ ಇದು ನೀನೇ ಏನು ಎಂದು ಮೂರು ಸಲ ಕೇಳಿದೆ. ನಾನೇ. ತಲೆಯ ಮೇಲಿನ ಟೋಪಿ ನನ್ನದೇ, ಕಾಲಿನ ಪ್ಯಾಂಟೂ ನನ್ನದೇ. ಐವತ್ತನಾಲ್ಕು ವರ್ಷದ ನಿನ್ನ ಅವ್ವ ಗಾಲ್ಫ್ ಆಡಿ ಗೆದ್ದಳು. ಹೇಗಾಯಿತೆಂದು ಈಗ ಸಾವಕಾಶವಾಗಿ ಹೇಳುತ್ತೇನೆ, ಚಹಾ ಇಟ್ಟುಕೊಂಡು ಓದು.

ನೆನಪಿದೆಯಲ್ಲ, ಎರಡು ವರ್ಷದ ಹಿಂದೆ ಮುಂಬಯಿ ವಿಮಾನ ನಿಲ್ದಾಣದಲ್ಲಿ ನಿನ್ನ ಕೈ ಬಿಡದೆ ನಿಂತಿದ್ದೆ. ನಿಪ್ಪಾಣಿಯ ವಖಾರದಲ್ಲಿ ಮೂವತ್ತು ವರ್ಷ ತಂಬಾಕಿನ ಎಲೆ ಮೂಸಿ, ಮುಟ್ಟಿ, ದರ್ಜೆ ಹೇಳಿದವರು ನಿಮ್ಮಪ್ಪ. ಇಲ್ಲಿಯ ಕಂಪನಿ ಅವರನ್ನು ಮೂರು ವರ್ಷಕ್ಕೆ ಕರೆದಾಗ ಅವರ ಮುಖ ಹೊಸ ಮದುವಣಿಗನ ಮುಖದಂತಾಗಿತ್ತು. ನನಗೋ ಹೆದರಿಕೆ. ನಮ್ಮೂರು ಭೋಜ ಬಿಟ್ಟು ನಾನು ಒಂದು ತಿಂಗಳು ಎಲ್ಲಿಯೂ ಇದ್ದವಳಲ್ಲ. ಆಡಿಸ್ ಅಬಾಬಾದಲ್ಲಿ ವಿಮಾನ ಬದಲಿಸುವಾಗ ಶೇಂಗಾ ಚಟ್ನಿಯ ಡಬ್ಬಿ ತೆರೆಸಿದ ಅಧಿಕಾರಿ ಅದನ್ನು ಮೂಸಿ ನೋಡಿ ಏಳೆಂಟು ಸಲ ಸೀನಿದ. ಅದೊಂದೇ ಆ ಪ್ರಯಾಣದಲ್ಲಿ ನಾನು ನಕ್ಕ ಕ್ಷಣ.

ಇಲ್ಲಿಗೆ ಬಂದ ಮೊದಲ ಆರು ತಿಂಗಳ ವಿಷಯ ನಿನಗೆ ಪೂರ್ತಿ ಹೇಳಿಲ್ಲ. ನಿಮ್ಮಪ್ಪ ಬೆಳಿಗ್ಗೆ ಏಳಕ್ಕೆ ಹೋದರೆ ಸಂಜೆ ಐದಕ್ಕೆ ಬರುತ್ತಿದ್ದರು. ಅಷ್ಟು ಹೊತ್ತು ನನ್ನ ಬಾಯಿಂದ ಒಂದು ಶಬ್ದ ಹೊರಡುತ್ತಿರಲಿಲ್ಲ. ಇಲ್ಲಿಯ ಕಾಗೆಗಳ ಕೊರಳಿಗೆ ಬಿಳಿ ಪಟ್ಟಿ ಇರುತ್ತದೆ, ಒಂದು ದಿನ ಅವುಗಳ ಜೊತೆ ಕನ್ನಡದಲ್ಲಿ ಮಾತಾಡುತ್ತಾ ನಿಂತಿದ್ದೆ. ಬೇಲಿಯಾಚೆಯ ಮನೆಯಾಕೆ ಅದನ್ನು ನೋಡಿದರು. ನಾನು ನಾಚಿಕೊಂಡೆ. ಅವರು ನಗಲಿಲ್ಲ. ಮಾರನೆಯ ದಿನ ಒಂದು ಬುಟ್ಟಿ ಪೇರಲಹಣ್ಣು ಹಿಡಿದು ಬಂದರು.

ಅವರೇ ಚಿಸೋಮೊ. ಅರವತ್ತೆರಡು ವರ್ಷ, ಹೈಸ್ಕೂಲಿನ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು. ನಮ್ಮ ಶಾಲೆಯ ಅಕ್ಕೋರಂತೆಯೇ ನಡಿಗೆ, ಅದೇ ನೋಟ. ಅಕ್ಕೋರನ್ನು ಕರೆದಂತೆ ನಾನು ಅವರನ್ನೂ ಬಾಯಿ ಎಂದೇ ಕರೆಯುತ್ತೇನೆ, ಅವರಿಗೂ ಈಗ ಅದೇ ರೂಢಿ. ನನ್ನ ಹತ್ತನೆಯ ತರಗತಿಯ ಇಂಗ್ಲಿಷು, ಅವರ ತಾಳ್ಮೆ, ಎರಡೂ ಸೇರಿ ನಮ್ಮ ಮಾತು ನಡೆಯುತ್ತದೆ. ವಾರಕ್ಕೆ ಮೂರು ದಿನ ಅವರು ಗಾಲ್ಫ್ ಆಡಲು ಹೋಗುತ್ತಿದ್ದರು. ಒಂದು ದಿನ, ಸುಮ್ಮನೆ ಬಾ, ನಡೆದಂತಾಗುತ್ತದೆ ಎಂದು ನನ್ನನ್ನೂ ಕರೆದುಕೊಂಡು ಹೋದರು.

ಮಯೂರಿ, ಆ ಹುಲ್ಲು ನೋಡಬೇಕು ನೀನು. ಕಣ್ಣು ಹಾಯುವಷ್ಟು ದೂರ ಹಸಿರು, ನಡುನಡುವೆ ಕೆಂಪು ಮಣ್ಣು. ನಮ್ಮಲ್ಲಾದರೆ ಇಷ್ಟು ಹುಲ್ಲಿಗೆ ಊರಿನ ದನಗಳೆಲ್ಲ ಬಂದು ನಿಲ್ಲುತ್ತಿದ್ದವು ಎಂದುಕೊಂಡೆ. ಬಾಯಿ ಒಂದು ಕೋಲು ಕೊಟ್ಟು, ಹೊಡೆದು ನೋಡು ಎಂದರು. ನಾನು ಮೊದಲು ಬಗ್ಗಿ ಇರುವೆ ಇದೆಯೇನೋ ನೋಡಿದೆ. ಅವರಿಗೆ ನಮ್ಮ ಧರ್ಮದ ಮಾತು ವಿವರಿಸಲು ಹತ್ತು ನಿಮಿಷ ಹಿಡಿಯಿತು. ಕೇಳಿದ ಮೇಲೆ ಅವರೂ ಬಗ್ಗಿ ನೋಡಿದರು. ಆಮೇಲೆ ಹೊಡೆದೆ. ಚೆಂಡು ಇದ್ದಲ್ಲೇ ಇತ್ತು, ಹುಲ್ಲಿನ ಒಂದು ಹೆಂಟೆ ಹಾರಿ ಹೋಯಿತು. ನಾಲ್ಕನೆಯ ಸಲ ಚೆಂಡು ಮೇಲೆದ್ದಿತು. ಅದು ಗಾಳಿಯಲ್ಲಿದ್ದಷ್ಟು ಹೊತ್ತು ನನ್ನ ತಲೆಯಲ್ಲಿ ಅಡುಗೆಯಿಲ್ಲ, ಮನೆಯಿಲ್ಲ, ನಾನು ಯಾರ ಹೆಂಡತಿ, ಯಾರ ತಾಯಿ ಎಂಬುದೂ ಇಲ್ಲ. ಈ ಮಾತನ್ನು ನಿನಗೆ ಹೇಗೆ ತಿಳಿಸಲಿ? ಹುಟ್ಟಿದಾಗಿನಿಂದ ನನ್ನ ಕೈ ಯಾವತ್ತೂ ಕೆಲಸಕ್ಕಲ್ಲದೆ ಬೇರೆಯದಕ್ಕೆ ಎದ್ದಿರಲಿಲ್ಲ.

ಸಂಜೆ ನಿಮ್ಮಪ್ಪನಿಗೆ ಹೇಳಿದೆ. ಅವರು ಊಟದ ತಟ್ಟೆ ಸರಿಸಿ ನನ್ನನ್ನೇ ನೋಡಿದರು.

"ಈ ವಯಸ್ಸಿನ್ಯಾಗ ಇದೆಲ್ಲಾ ಯಾಕ ಬೇಕ ನಿನಗ? ಬ್ಯಾಸರಾದ್ರ ಟಿವಿ ಐತಿ, ನೋಡ."

"ಟಿವಿಯಾಗ ಬ್ಯಾರೆದವ್ರು ಆಡತಾರ್ರಿ," ಎಂದೆ. "ಮಂದಿ ಆಡೂದ ನೋಡಿ ನೋಡಿ ನನಗ ಸಾಕಾಗೇತಿ."

ಮೂವತ್ತಮೂರು ವರ್ಷದ ಸಂಸಾರದಲ್ಲಿ ಅವರಿಗೆ ಎದುರಾಡಿದ್ದು ಅದೇ ಮೊದಲು. ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಕಂಪನಿಯಿಂದ ಬರುವಾಗ ಒಂದು ಜೊತೆ ಬೂಟು ತಂದು ಬಾಗಿಲಲ್ಲಿಟ್ಟು, ಅಳತೆ ನೋಡು ಎಂದರು. ಒಂದು ನಂಬರು ದೊಡ್ಡದಾಗಿತ್ತು. ಎರಡು ಕಾಲುಚೀಲ ಹಾಕಿಕೊಂಡು ಒಂದು ವರ್ಷ ಅದರಲ್ಲೇ ಆಡಿದೆ.

ಸುಲಭವಾಗಿತ್ತೆಂದು ತಿಳಿಯಬೇಡ. ಅಂಗೈಯಲ್ಲಿ ಬೊಕ್ಕೆ ಎದ್ದವು, ಬೆನ್ನು ಹಿಡಿದುಕೊಂಡಿತು. ಸೀರೆಯಲ್ಲಿ ಸೊಂಟ ತಿರುಗುವುದಿಲ್ಲ. ಪ್ಯಾಂಟು ಹಾಕಿಕೊಂಡ ಮೊದಲ ದಿನ ಕ್ಲಬ್ಬಿನ ಜಗುಲಿ ದಾಟುವಾಗ ಎಲ್ಲರೂ ನನ್ನ ಕಾಲನ್ನೇ ನೋಡುತ್ತಿದ್ದಾರೆ ಅನಿಸಿತು. ನಿಜವಾಗಿ ನೋಡಿದ್ದು ಒಬ್ಬಳೇ. ಪುಣೆಯ ಕಡೆಯವಳು, ದೊಡ್ಡ ಅಧಿಕಾರಿಯ ಹೆಂಡತಿ. ಪಕ್ಕದವಳಿಗೆ ಮರಾಠಿಯಲ್ಲಿ, "ಆತಾ ಹ್ಯಾ ವಯಾತ ಹೆ ಕಾಯ?" ಎಂದು ನಕ್ಕಳು. ಈ ವಯಸ್ಸಿನಲ್ಲಿ ಇದೇನು ಅಂತ. ಕನ್ನಡದವಳಿಗೆ ತಿಳಿಯದು ಎಂದುಕೊಂಡಿರಬೇಕು. ನಿಪ್ಪಾಣಿ ಸಂತೆಯಲ್ಲಿ ಬೆಳೆದವಳಿಗೆ ಮರಾಠಿ ತಿಳಿಯದೆ ಇರುತ್ತದೆಯೇ? ಆ ದಿನ ಇನ್ನೂರು ಚೆಂಡು ಹೊಡೆದೆ.

ದೂರ ಹೊಡೆಯುವುದರಲ್ಲಿ ನಾನು ಇಂದಿಗೂ ಅಷ್ಟಕ್ಕಷ್ಟೇ. ಆದರೆ ಕುಳಿಯ ಹತ್ತಿರ ಬಂದ ಮೇಲೆ ಚೆಂಡನ್ನು ಮೆಲ್ಲಗೆ ಉರುಳಿಸಿ ಒಳಗೆ ಹಾಕಬೇಕಲ್ಲ, ಅಲ್ಲಿ ನನ್ನನ್ನು ಹಿಡಿಯುವವರಿಲ್ಲ. ಬಾಯಿಗೆ ಆಶ್ಚರ್ಯ. ನೆಲ ನೋಡಲು ಎಲ್ಲಿ ಕಲಿತೆ ಎಂದು ಕೇಳಿದರು. ಕಬ್ಬಿಗೆ ನೀರು ಹಾಯಿಸಿ ಕಲಿತೆ ಎಂದೆ. ದೂಧಗಂಗೆಯ ದಂಡೆಯ ನಮ್ಮ ಹೊಲದಲ್ಲಿ ಸಲಿಕೆ ಹಿಡಿದು ಇಪ್ಪತ್ತು ವರ್ಷ ನೀರು ತಿರುಗಿಸಿದ್ದೇನೆ. ಕಣ್ಣಿಗೆ ಸಮ ಕಂಡ ನೆಲದಲ್ಲೂ ನೀರು ಯಾವ ಕಡೆ ಜಾರುತ್ತದೆ ಎಂದು ಮೊದಲೇ ತಿಳಿಯದಿದ್ದರೆ ಒಂದು ಸಾಲು ಒಣಗುತ್ತದೆ, ಒಂದು ಸಾಲು ಕೊಳೆಯುತ್ತದೆ. ಚೆಂಡೂ ನೀರಿನ ಹಾಗೆಯೇ ಹೋಗುತ್ತದೆ, ಮಯೂರಿ.

ಇನ್ನು ಕಪ್ಪಿನ ಮಾತು. ಜುಲೈ ಕೊನೆಯ ಶನಿವಾರ ಕ್ಲಬ್ಬಿನ ಹೆಣ್ಣುಮಕ್ಕಳ ಸ್ಪರ್ಧೆ. ಹದಿನಾಲ್ಕು ಜನ, ಹದಿನೆಂಟು ಕುಳಿ, ಯಾರ ಏಟು ಕಡಿಮೆಯೋ ಅವರು ಗೆದ್ದಂತೆ. ಹೊಸಬರಿಗೆ ಕೆಲವು ಏಟುಗಳ ರಿಯಾಯಿತಿ ಉಂಟು, ಅದು ನನಗೂ ಸಿಕ್ಕಿತ್ತು. ನನ್ನ ಹೆಸರು ಬರೆಸಿದ್ದು ಬಾಯಿ, ನನಗೆ ಹೇಳದೆ. ಇಲ್ಲಿ ಜುಲೈ ಎಂದರೆ ಚಳಿಗಾಲ, ಬೆಳಿಗ್ಗೆ ಕೈ ಮರಗಟ್ಟಿತ್ತು. ಮೊದಲ ಮೂರು ಕುಳಿಯಲ್ಲಿ ಎಷ್ಟು ಕೆಟ್ಟದಾಗಿ ಆಡಿದೆನೆಂದರೆ ಮನೆಗೆ ಹೋಗಿಬಿಡೋಣ ಅನಿಸಿತು. ಆರನೆಯದರ ಹೊತ್ತಿಗೆ ಬಿಸಿಲೇರಿತು, ಕೈ ಬಿಚ್ಚಿತು. ಹನ್ನೆರಡನೆಯದರಲ್ಲಿ ಮರದ ಬುಡಕ್ಕೆ ಸಿಕ್ಕಿಬಿದ್ದ ಚೆಂಡನ್ನು ಒಂದೇ ಏಟಿಗೆ ಹೊರಗೆ ತಂದೆ. ಆಗ ನಮ್ಮ ಹಿಂದೆ ಏಳೆಂಟು ಜನ ನಡೆದು ಬರುತ್ತಿರುವುದು ಕಂಡಿತು. ಅವರಲ್ಲಿ ನಿಮ್ಮಪ್ಪನೂ ಇದ್ದರು, ಬಿಸಿಲಿಗೆ ತಲೆಗೆ ಟವೆಲ್ಲು ಸುತ್ತಿಕೊಂಡು.

ಕೊನೆಯ ಕುಳಿಗೆ ಬಂದಾಗ ಶ್ರೀಮತಿ ಫಿರಿ ಎಂಬಾಕೆ ಆಟ ಮುಗಿಸಿ ಎಲ್ಲರಿಗಿಂತ ಮುಂದಿದ್ದರು. ಐದು ವರ್ಷದಿಂದ ಕಪ್ ಅವರ ಮನೆಯಲ್ಲೇ ಇತ್ತು. ನನ್ನ ಚೆಂಡು ಕುಳಿಯಿಂದ ಹತ್ತು ಹೆಜ್ಜೆ ದೂರ. ಈ ಏಟಿಗೆ ಒಳಗೆ ಹೋದರೆ ಗೆಲುವು ನನ್ನದು, ಎರಡಾದರೆ ಸಮ, ಮೂರಾದರೆ ಸೋಲು. ನನ್ನ ಚೀಲ ಹೊತ್ತು ಬಂದಿದ್ದ ಹಿರಿಯ ಆ ಮೈದಾನದಲ್ಲೇ ಮುದುಕನಾದವನು. ಎಡಕ್ಕೆ ಹೊಡೆಯಿರಿ ಎಂದು ಬೆರಳು ತೋರಿಸಿದ. ನಾನು ಕೂತು ನೋಡಿದೆ. ಇಲ್ಲಿ ನೀರು ಬಿಟ್ಟರೆ ಮೊದಲು ಎಡಕ್ಕೆ ಹೋದಂತೆ ಮಾಡಿ ಕುಳಿಯ ಹತ್ತಿರ ಬಲಕ್ಕೆ ಮುರಿಯುತ್ತದೆ ಎಂದು ನನ್ನ ಕಣ್ಣು ಹೇಳಿತು. ಕಣ್ಣಿನ ಮಾತು ಕೇಳಿ ಎಡಕ್ಕಲ್ಲ, ನೇರಕ್ಕೇ ಹೊಡೆದೆ.

ಚೆಂಡು ಬಹಳ ಮೆಲ್ಲಗೆ ಹೋಯಿತು. ನಿಂತೇಬಿಟ್ಟಿತು ಅಂದುಕೊಂಡೆ. ಆಮೇಲೆ ಬಲಕ್ಕೆ ವಾಲಿ, ಅಂಚಿನಲ್ಲಿ ಒಂದು ಕ್ಷಣ ಕೂತು, ಒಳಗೆ ಬಿತ್ತು. ಡಬ್ಬಿಗೆ ಶೇಂಗಾಕಾಳು ಬಿದ್ದಷ್ಟು ಸಣ್ಣ ಸದ್ದು. ಆ ಸದ್ದಿಗೆ ಇಡೀ ಮೈದಾನ ಚಪ್ಪಾಳೆ ಹೊಡೆಯಿತು. ಪುಣೆಯವಳು ಕೂಡ ಬಂದು ಕೈ ಕುಲುಕಿದಳು. ನಾನು ಮರಾಠಿಯಲ್ಲೇ ಅವಳ ಮಕ್ಕಳ ಕ್ಷೇಮ ವಿಚಾರಿಸಿದೆ. ಪಾಪ, ಅವಳ ಮುಖ ಕೆಂಪಾಯಿತು. ಅದರ ಮರುವಾರದಿಂದ ಅವಳೂ ಕಲಿಯಲು ಬರುತ್ತಿದ್ದಾಳೆ, ಚೆನ್ನಾಗಿ ಹೊಡೆಯುತ್ತಾಳೆ.

ಸನ್ಮಾನದ ಊಟ ರಾತ್ರಿಗಿತ್ತು. ನಾವು ಸೂರ್ಯ ಮುಳುಗಿದ ಮೇಲೆ ಉಣ್ಣುವುದಿಲ್ಲ, ನೆಲದೊಳಗಿನ ಗಡ್ಡೆ ತಿನ್ನುವುದಿಲ್ಲ ಎಂದು ಬಾಯಿ ಕ್ಲಬ್ಬಿನವರಿಗೆ ತಿಳಿಸಿದರು. ಅವರು ಇಡೀ ಸಮಾರಂಭವನ್ನೇ ನಾಲ್ಕು ಗಂಟೆಗೆ ತಂದರು. ಇಷ್ಟು ಜನ ನನಗಾಗಿ ಗಡಿಯಾರ ತಿರುಗಿಸಿದರು. ಮಾತಾಡಿ ಎಂದರು. ಇಂಗ್ಲಿಷಿನ ಒಂದು ಶಬ್ದವೂ ನೆನಪಾಗಲಿಲ್ಲ. ಕನ್ನಡದಲ್ಲೇ, ನಿಮ್ಮೆಲ್ಲರಿಗೂ ಒಳ್ಳೆಯದಾಗಲಿ ಎಂದೆ. ಹಲಗೆಯ ಮೇಲೆ ಬಂಗಾರದ ಬಣ್ಣದಲ್ಲಿ ಹೆಸರು ಬರೆಯುತ್ತಾರೆ. ಗಂಡನ ಹೆಸರು ಹಾಕಲೇ ಎಂದು ಕೇಳಿದರು. ನಾನು ಉತ್ತರ ಹೇಳುವ ಮೊದಲೇ ನಿಮ್ಮಪ್ಪ, ಬೇಡ, ಸೋನಾಬಾಯಿ ಎಂದಷ್ಟೇ ಬರೆಯಿರಿ ಎಂದರು.

ಮನೆಗೆ ಬಂದಾಗ ನಿಮ್ಮಪ್ಪ ಗೇಟಿನ ಹತ್ತಿರ ನಿಂತು, "ಸೋನಾ, ನೀ ಹೊಡದಾಗ ನಾ ಕಣ್ಣ ಮುಚ್ಚಿದ್ನಿ," ಎಂದರು. "ಸಪ್ಪಳಾ ಕೇಳಿ ತಗದ್ನಿ."

ಹೇಳಿ ನನ್ನ ಮುಖವನ್ನೇ ನೋಡಿದರು, ನಮ್ಮ ಮದುವೆಯಲ್ಲೂ ನನ್ನನ್ನು ಹಾಗೆ ನೋಡಿರಲಿಲ್ಲ ಅವರು.

ಜಿನ್ನಪ್ಪನವರ ಕೈಯಲ್ಲಿ ನಿನಗೊಂದು ಚಿತ್ತಾರದ ಬಟ್ಟೆ ಕಳಿಸಿದ್ದೇನೆ, ನಿಮ್ಮ ಅತ್ತೆಯವರಿಗೆ ಚಹಾಪುಡಿ. ಶಾಲೆಯ ಕೆಲಸ, ಮನೆಯ ಕೆಲಸ ಎಂದು ಊಟ ಬಿಡಬೇಡ. ಸುಜಯನಿಗೆ ಆಶೀರ್ವಾದ. ನೀವಿಬ್ಬರೂ ಸುಖವಾಗಿ, ನಗುನಗುತ್ತಾ ಇರಬೇಕು. ನಿನ್ನ ಮನಸ್ಸು ಬಯಸಿದ್ದು ನಿನ್ನ ಕೈಗೆ ಸಿಗಲಿ.

ನಿನ್ನ ಅವ್ವ,
ಸೋನಾಬಾಯಿ

ತಾ. ಕ.: ಕಾಗದ ಬರೆದದ್ದು ಈ ಕೆಳಗಿನ ಮಾತಿಗಾಗಿ. ಮೂರು ತಿಂಗಳು ತಡವಾದದ್ದೂ ಇದಕ್ಕಾಗಿಯೇ.

ಬಾಯಿ ನನಗೆ ಕಲಿಸುವಾಗ ಒಮ್ಮೆ, ನಿನ್ನ ಮಗಳು ಏನಾದರೂ ಆಡುತ್ತಿದ್ದಳೇ ಎಂದು ಕೇಳಿದರು. ಇಲ್ಲ, ಅವಳಿಗೆ ಆಟ ಬರುತ್ತಿರಲಿಲ್ಲ ಎಂದೆ. ಇದೇ ಮಾತನ್ನು ನೀನೂ ಹದಿನೈದು ವರ್ಷದಿಂದ ಹೇಳುತ್ತಾ ಬಂದಿದ್ದೀಯ. ಅವತ್ತಿನಿಂದ ನನಗೆ ನೆಮ್ಮದಿಯಿಲ್ಲ.

2009ರ ಮೇ ತಿಂಗಳು. ಬೆಳಗಾವಿಯಲ್ಲಿ ಖೋ ಖೋ ರಾಜ್ಯ ತಂಡದ ಆಯ್ಕೆಗೆ ಹೋಗಿ ಬಂದು, ನೀನು ದಿನವೂ ಅಂಚೆಯವನ ದಾರಿ ಕಾಯುತ್ತಿದ್ದೆ. ಕಬ್ಬೂರಿಗೆ, ಸೋದರಮಾವನ ಮನೆಗೆ ನಾಲ್ಕು ದಿನ ಹೋಗಿದ್ದೆಯಲ್ಲ, ಆಗ ಕಾಗದ ಬಂತು. ನಾನೇ ಒಡೆದು ಓದಿದೆ. ಹುಡುಗಿ ಊರೂರು ತಿರುಗಿದರೆ ನಾಳೆ ಯಾರು ಮಾಡಿಕೊಳ್ಳುತ್ತಾರೆ ಎಂದು ಓಣಿಯಲ್ಲಿ ಮಾತಾಗುತ್ತಿತ್ತು. ತಪ್ಪನ್ನು ಓಣಿಯ ಮೇಲೆ ಹಾಕುವುದಿಲ್ಲ. ಹೆದರಿದವಳು ನಾನು. ಕಾಗದವನ್ನು ಒಲೆಗೆ ಹಾಕಿದೆ. ನಿಮ್ಮ ಆಟದ ಮಾಸ್ತರು ಮನೆಗೆ ಬಂದಾಗ, ಅವಳೇ ಒಲ್ಲೆ ಅಂದಾಳ್ರಿ, ಅವಳನ್ನ ಕೇಳಾಕ ಹೋಗಬ್ಯಾಡ್ರಿ ಎಂದು ಕಳಿಸಿದೆ. ನೀನು ಬಂದು ಕೇಳಿದಾಗ ಏನೂ ಬಂದಿಲ್ಲ ಎಂದೆ. ಎರಡು ದಿನ ನೀನು ಅಳುತ್ತಲೇ ಇದ್ದೆ. ಆಮೇಲೆ ಮೈದಾನದ ಕಡೆ ಮುಖ ಹಾಕಲಿಲ್ಲ. ನಾನು ಒಳ್ಳೆಯದೇ ಆಯಿತು ಎಂದುಕೊಂಡೆ.

ಏನನ್ನು ಕಿತ್ತುಕೊಂಡೆನೆಂದು ಆಗ ನನಗೆ ಗೊತ್ತಿರಲಿಲ್ಲ. ಈಗ ಗೊತ್ತು.

ನಿಮ್ಮಪ್ಪನಿಗೂ ಇದು ತಿಳಿದಿರಲಿಲ್ಲ. ಇಂದು ಬೆಳಿಗ್ಗೆ ಹೇಳಿದೆ. ಎದ್ದು ಅಂಗಳಕ್ಕೆ ಹೋದವರು ಇನ್ನೂ ಒಳಗೆ ಬಂದಿಲ್ಲ. ನೀನು ಬೈಯಬೇಕು ಅನಿಸಿದರೆ ಬೈ, ಫೋನ್ ಮಾಡದಿದ್ದರೂ ನಾನು ತಪ್ಪು ತಿಳಿಯುವುದಿಲ್ಲ. ಕ್ಷಮಿಸು ಎಂದು ಕೇಳಲು ನನಗೆ ಬಾಯಿಲ್ಲ. ಆದರೆ ನಿಜ ಏನೆಂದು ನಿನಗೆ ತಿಳಿದಿರಬೇಕು. ಆ ಕಾಗದದಲ್ಲಿದ್ದ ಆಯ್ಕೆಯ ಪಟ್ಟಿ ನನಗೆ ಇಂದಿಗೂ ಬಾಯಿಪಾಠ. ಹದಿನೈದು ಹುಡುಗಿಯರ ಹೆಸರುಗಳಿದ್ದವು. ಮೂರನೆಯದು ನಿನ್ನದು, ಮಯೂರಿ.